ಕಲಿಯೋಕೆ 100 ಸಿಸಿ ಬೈಕ್ ಸಾಕಾ?

ಬೀಳಗಿ ತಾಲೂಕಿನ ಟೀಚರ್:
ನಮ್ಮ ಮನೆ ಬಾಗಲಕೋಟೆ ನವನಗರದಲ್ಲಿ, ಶಾಲೆ ಬೀಳಗಿ ಕಡೆಯ ಒಂದು ಹಳ್ಳಿಯಲ್ಲಿ. ಸಂಜೆ ಬಸ್ ತಪ್ಪಿದರೆ ಮನೆ ಸೇರುವಷ್ಟರಲ್ಲಿ ಕತ್ತಲಾಗುತ್ತದೆ. ಎಲ್ಲರೂ ಸ್ಕೂಟಿ ತಗೊಳ್ಳಿ ಅಂತಾರೆ. ಆದರೆ ಶಾಲೆ ಹತ್ತಿರದ ದಾರಿ ಎರೆ ಮಣ್ಣಿನದು, ಮಳೆ ಬಂದರೆ ಸಣ್ಣ ಗಾಲಿ ಹೂತುಕೊಳ್ಳುತ್ತದೆ. ನನಗೆ ಗೇರ್ ಗಾಡಿಯೇ ಬೇಕು. ನನ್ನ ಎತ್ತರ ಐದಡಿ ಒಂದಿಂಚು. ಸಣ್ಣದು ತಗೊಂಡರೆ ಬೇಗ ಬೇಜಾರಾಗುತ್ತೆ, 160 ಸಿಸಿನೇ ತಗೋ ಅಂತಾನೆ ತಮ್ಮ. ಏನು ಮಾಡಲಿ?

ನವನಗರದ ಮೆಕ್ಯಾನಿಕ್:
ಟೀಚರ್, 100 ಸಿಸಿ ತಗೊಳ್ಳಿ. ಸ್ಪ್ಲೆಂಡರ್ ಪ್ಲಸ್ ತೂಕ 112 ಕೆಜಿ, ಸೀಟಿನ ಎತ್ತರ 785 ಮಿ.ಮೀ. 160ರ ಗಾಡಿಗಳು 140 ಕೆಜಿಗೆ ಹತ್ತಿರ ಇಲ್ಲವೇ ಇನ್ನೂ ಜಾಸ್ತಿ. ಓಡುವಾಗ ತೂಕ ಗೊತ್ತಾಗಲ್ಲರೀ. ಕೆಸರಲ್ಲಿ ಹಿಂದಕ್ಕೆ ತಳ್ಳುವಾಗ, ತಿರುವಲ್ಲಿ ಕಾಲು ಊರುವಾಗ ಗೊತ್ತಾಗುತ್ತದೆ. ಹೊಸಬರು ಗಾಡಿ ಬೀಳಿಸೋದು ಅಲ್ಲೇ.

ಭಾನುವಾರ ಬೆಳಿಗ್ಗೆ ಯಾವುದಾದರೂ ಖಾಲಿ ಸೆಕ್ಟರ್ ರಸ್ತೆಗೆ ಹೋಗಿ. ಫಸ್ಟ್ ಗೇರ್ ಹಾಕಿ, ಎಕ್ಸಿಲರೇಟರ್ ಮುಟ್ಟಬೇಡಿ. ಕ್ಲಚ್ ಮಾತ್ರ ನಿಧಾನಕ್ಕೆ ಬಿಡಿ. ಒಂದು ಹಂತಕ್ಕೆ ಬಂದಾಗ ಎಂಜಿನ್ ದನಿ ತಗ್ಗಿ, ಗಾಡಿ ತಾನೇ ಮುಂದೆ ಸರಿಯುತ್ತದೆ. ಬೆರಳಿಗೆ ಆ ಜಾಗ ಗೊತ್ತಾದರೆ ಮುಕ್ಕಾಲು ಕಲಿತಂಗೆ. ಅಲ್ಲಿ ಕ್ಲಚ್ ಸಟ್ಟನೆ ಬಿಟ್ಟರೂ ಎಂಜಿನ್ ಆಫ್ ಆಗುತ್ತದೆ ಅಷ್ಟೇ, ಹೆದರಬೇಡಿ.

ಟೆಸ್ಟ್ ಮಾತ್ರ ಗೇರ್ ಗಾಡಿ ಮೇಲೇ ಕೊಡಿ. ಆ ಲೈಸೆನ್ಸಲ್ಲಿ ಸ್ಕೂಟಿನೂ ಓಡಿಸಬಹುದು.

ವಿಜಯಪುರದಿಂದ ಒಬ್ಬ:
125 ಯಾಕೆ ಬೇಡ? ಸ್ಪ್ಲೆಂಡರ್ ಎಂಜಿನ್ ಶಕ್ತಿ 8 ಪಿಎಸ್ (ಅಶ್ವಶಕ್ತಿ) ಆಸುಪಾಸು, 125 ಸಿಸಿಯ ಟಿವಿಎಸ್ ರೈಡರ್ ಬೈಕಿನದು 11 ದಾಟುತ್ತದೆ. ಕಬ್ಬಿನ ಸೀಸನ್‌ನಲ್ಲಿ ಜೋಡಿ ಟ್ರೇಲರ್ ಹಿಂದೆ ಸಿಕ್ಕಿಕೊಂಡರೆ ದಾಟೋಕೆ ದಮ್ಮು ಬೇಕಲ್ವಾ? ಬೆಲೆಯ ಚಿಂತೆ ಅಂದರೆ, 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳಿಗೆ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ.

ಜಮಖಂಡಿಯ ನರ್ಸ್:
ಅಕ್ಕಾ, ನಾನು ಶೈನ್ 100 ಓಡಿಸ್ತೀನಿ, ತುಂಬಾ ಆರಾಮಾಗಿದೆ. ಯಾವುದೇ ತಗೊಂಡರೂ ಚೈನಿಗೆ ಪೂರ್ತಿ ಕವರ್ ಇದೆಯಾ ನೋಡಿ. ಸೆರಗು, ವೇಲ್ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಇದನ್ನು ಅಂಗಡಿಯಲ್ಲಿ ಯಾರೂ ಹೇಳಲ್ಲ.

ನವನಗರದ ಮೆಕ್ಯಾನಿಕ್:
ವಿಜಯಪುರದ ಅಣ್ಣ, ಕೈ ಪಳಗಿದವರಿಗೆ 125 ಚೆನ್ನಾಗಿದೆ, ಒಪ್ತೀನಿ. ಆದರೆ ಹೊಸಬರು ಜೋಡಿ ಟ್ರೇಲರ್ ದಾಟೋ ಆತುರ ಮಾಡಲೇಬಾರದು. ಎಷ್ಟೋ ಟ್ರೇಲರ್‌ಗಳ ಹಿಂದೆ ಒಂದು ರಿಫ್ಲೆಕ್ಟರೂ ಇರಲ್ಲ. ಹತ್ತು ನಿಮಿಷ ತಡವಾದರೂ ಹಿಂದೆಯೇ ದೂರ ಇಟ್ಟುಕೊಂಡು ಹೋಗಲಿ.

ಟೀಚರ್, ಸೆಕೆಂಡ್ ಹ್ಯಾಂಡ್ ನೋಡ್ತಿದ್ದರೆ ಒಂದು ಮಾತು. ಸ್ಪ್ಲೆಂಡರ್ ಬೆಲೆ ನಮ್ಮ ಕಡೆ ಬೇಗ ಇಳಿಯಲ್ಲ. ಎರಡು ವರ್ಷದ ಹಳೇದು ತಗೊಂಡರೆ ಉಳಿಯೋದು ಸ್ವಲ್ಪವೇ, ಹೊಸದೇ ವಾಸಿ. ಬೇಜಾರಾದರೆ ಮಾರುವಾಗ ಅದೇ ಬೆಲೆ ನಿಮ್ಮ ಕೈ ಹಿಡಿಯುತ್ತದೆ ಅಂತ ತಮ್ಮನಿಗೆ ಹೇಳಿ. ಕ್ಲಚ್ ಕೇಬಲ್ ಹಳ್ಳಿ ಗ್ಯಾರೇಜಲ್ಲೂ ಸಿಗುತ್ತದೆ. ಶೋರೂಮ್‌ಗೆ ಹೋದಾಗ ಡಬಲ್ ಸ್ಟ್ಯಾಂಡ್ ನೀವೇ ಹಾಕಿ, ತೆಗೆದು ನೋಡಿ. ಅಡ್ವಾನ್ಸ್ ಆಮೇಲೆ ಕೊಡಿ.