ಮುಟ್ಟಿಗೆ ಮುಂಚಿನ ಸಿಡಿಮಿಡಿಗೆ ಮಾತ್ರೆ: ವಾಕರಿಕೆ ಬಂತೆಂದು ನಿಲ್ಲಿಸಬಹುದೇ?

ಪ್ರಶ್ನೆ: ಡಾಕ್ಟರೇ, ನನಗೆ 31 ವರ್ಷ. ಮುಟ್ಟಿಗೆ ಹತ್ತು ದಿನ ಇರುವಾಗಲೇ ನಾನು ನಾನಾಗಿರುವುದಿಲ್ಲ. ಹೋದ ತಿಂಗಳು ಚಮಚ ಕೆಳಗೆ ಬಿದ್ದ ಸದ್ದಿಗೆ ಮಗನ ಮೇಲೆ ಕಿರುಚಿದೆ, ಆಮೇಲೆ ಬಚ್ಚಲಿನ ಬಾಗಿಲು ಹಾಕಿಕೊಂಡು ಅಳುತ್ತಾ ಕುಳಿತೆ. ಮುಟ್ಟು ಶುರುವಾದ ಮಾರನೆಯ ದಿನಕ್ಕೆ ಎಲ್ಲವೂ ಮಾಯ. ಸ್ತ್ರೀರೋಗ ತಜ್ಞರು ಫ್ಲೂಯೊಕ್ಸೆಟಿನ್ 20 ಮಿಲಿಗ್ರಾಂ ಬರೆದುಕೊಟ್ಟರು, ಅದೂ ತಿಂಗಳಿಗೆ ಹದಿನಾಲ್ಕು ದಿನ ಮಾತ್ರ. ಮೂರು ದಿನ ನುಂಗಿದೆ. ಒಂದೇ ಸಮನೆ ವಾಕರಿಕೆ, ರಾತ್ರಿ ಕಣ್ಣು ಮುಚ್ಚಲಿಲ್ಲ. ಹುಡುಕಿ ನೋಡಿದರೆ ಅದು ಖಿನ್ನತೆಯ ಮಾತ್ರೆಯಂತೆ! ಹೆದರಿ ಬಿಟ್ಟುಬಿಟ್ಟೆ. ತಪ್ಪು ಮಾಡಿದೆನೇ?

ವೈದ್ಯೆ: ತಪ್ಪೇನಿಲ್ಲ, ಆದರೆ ಸ್ವಲ್ಪ ಅವಸರವಾಯಿತು. ಮಾತ್ರೆ ಖಿನ್ನತೆಯದೇ, ನಿಜ. ಖಿನ್ನತೆಯಲ್ಲಿ ಅದರ ಗುಣ ಕಾಣಲು ವಾರಗಟ್ಟಲೆ ಕಾಯಬೇಕು. ಮುಟ್ಟಿಗೆ ಮುಂಚಿನ ಈ ತೊಂದರೆಯಲ್ಲಿ ಕೆಲವೇ ದಿನಗಳಲ್ಲಿ ಕಾಣುತ್ತದೆ. ಅದಕ್ಕೇ ಅರ್ಧ ತಿಂಗಳು ಕೊಟ್ಟರೆ ಸಾಕಾಗುತ್ತದೆ: ಮುಟ್ಟಿನ ದಿನಕ್ಕೆ ಸುಮಾರು ಎರಡು ವಾರ ಮುಂಚೆ ಶುರು, ಸ್ರಾವ ಕಂಡ ಮೇಲೆ ನಿಲ್ಲಿಸುವುದು. ನಿಮ್ಮ ಹಾರ್ಮೋನು ಹೆಚ್ಚಾಗಿಯೂ ಇಲ್ಲ, ಕಡಿಮೆಯಾಗಿಯೂ ಇಲ್ಲ. ಅದರ ಏರಿಳಿತಕ್ಕೆ ನಿಮ್ಮ ಮೆದುಳು ಹೆಚ್ಚು ಸ್ಪಂದಿಸುತ್ತದೆ, ಅಷ್ಟೆ. ರಕ್ತಪರೀಕ್ಷೆಯಲ್ಲಿ ಏನೂ ಸಿಗದಿರುವುದಕ್ಕೂ ಇದೇ ಕಾರಣ.

ವಾಕರಿಕೆ ಈ ಮಾತ್ರೆಯ ಅತಿ ಸಾಮಾನ್ಯ ಅಡ್ಡಪರಿಣಾಮ. ಒಂದೆರಡು ವಾರದಲ್ಲಿ ಬಹುಪಾಲು ತಾನಾಗಿ ಇಳಿಯುತ್ತದೆ. ಊಟ ತಿಂಡಿಯ ಜೊತೆ ತೆಗೆದುಕೊಳ್ಳಿ. ನಿದ್ದೆಯ ವಿಷಯಕ್ಕೆ ಬಂದರೆ, ನೀವು ಅದನ್ನು ರಾತ್ರಿ ನುಂಗುತ್ತಿದ್ದಿರಿ ಎಂದು ನನ್ನ ಊಹೆ. ಬೆಳಿಗ್ಗೆಗೆ ಬದಲಿಸಿ ನೋಡಿ. ತಲೆನೋವು, ಬಾಯಿ ಒಣಗುವುದು, ಬೆವರು ಕೆಲವರಿಗೆ ಬರುತ್ತದೆ. ಇನ್ನೊಂದನ್ನು ರೋಗಿ ಹೇಳುವುದಿಲ್ಲ, ವೈದ್ಯರು ಕೇಳುವುದಿಲ್ಲ: ಲೈಂಗಿಕ ಆಸಕ್ತಿ ಕುಗ್ಗುವುದು. ಹಾಗಾದರೆ ಸಂಕೋಚ ಬಿಟ್ಟು ಹೇಳಿ. ಪ್ರಮಾಣ ತಗ್ಗಿಸಬಹುದು, ಮಾತ್ರೆಯನ್ನೇ ಬದಲಿಸಬಹುದು.

ಯಾವುದಕ್ಕೆ ಕಾಯಬಾರದು ಎಂಬುದೂ ಗೊತ್ತಿರಲಿ. ಮೈಮೇಲೆ ದದ್ದು ಎದ್ದರೆ, ನಿದ್ದೆಯಿಲ್ಲದೆಯೂ ವಿಪರೀತ ಹುಮ್ಮಸ್ಸು ಬಂದರೆ, ಜೀವ ಕಳೆದುಕೊಳ್ಳುವ ಯೋಚನೆ ಸುಳಿದರೆ ಅದೇ ದಿನ ವೈದ್ಯರನ್ನು ಕಾಣಿ. ಈ ಕೊನೆಯದರ ಬಗ್ಗೆ 25 ವರ್ಷದೊಳಗಿನವರ ಮೇಲೆ ಹೆಚ್ಚು ಕಣ್ಣಿಡುತ್ತೇವೆ. ನೋವಿಗೆಂದು ಟ್ರಮಡಾಲ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ಎರಡೂ ಒಟ್ಟಿಗೆ ಆಗಿಬರುವುದಿಲ್ಲ. ಐಬುಪ್ರೊಫೆನ್ ಜೊತೆಗಾದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಪ್ರಶ್ನೆ: ಹೌದು ಡಾಕ್ಟರೇ, ರಾತ್ರಿ ಮಲಗುವಾಗಲೇ ನುಂಗುತ್ತಿದ್ದೆ, ಅದೂ ಬರೀ ನೀರಿನಲ್ಲಿ. ಗೆಳತಿಯೊಬ್ಬಳು ಇದಕ್ಕೇ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ನನಗೂ ಅದೇ ಒಳ್ಳೆಯದೇನೋ?

ವೈದ್ಯೆ: ಗರ್ಭನಿರೋಧವೂ ಬೇಕಿದ್ದರೆ ಅದು ಒಳ್ಳೆಯ ದಾರಿಯೇ. ಡ್ರೊಸ್ಪಿರೆನೋನ್ ಎಂಬ ಹಾರ್ಮೋನು ಇರುವ, 24 ದಿನ ನುಂಗಿ 4 ದಿನ ಬಿಡುವ ಮಾತ್ರೆಗೆ ಈ ತೊಂದರೆಯಲ್ಲಿ ಒಳ್ಳೆಯ ಆಧಾರವಿದೆ. ಮೊದಲ ಎರಡು ಮೂರು ತಿಂಗಳು ನಡುನಡುವೆ ರಕ್ತದ ಕಲೆ, ಸ್ತನ ಭಾರ, ವಾಕರಿಕೆ ಇರಬಹುದು. ಅಪರೂಪವಾದರೂ ಗಂಭೀರವಾದುದು ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟುವುದು. ರಕ್ತದೊತ್ತಡ ಇರುವವರಿಗೆ, ಕಣ್ಣ ಮುಂದೆ ಮಿಂಚು ಕಾಣಿಸಿಕೊಂಡು ಬರುವ ಮೈಗ್ರೇನ್ ಇರುವವರಿಗೆ, 35 ದಾಟಿದ ಧೂಮಪಾನಿಗಳಿಗೆ ನಾನು ಇದನ್ನು ಬರೆಯುವುದಿಲ್ಲ. ಗೆಳತಿಗೆ ಹಿಡಿಸಿತು ಎಂಬುದಷ್ಟೇ ಸಾಲದು.

ಇನ್ನೊಬ್ಬರ ಪ್ರಶ್ನೆ: ಮೇಡಂ, ನನಗೂ ಇದೇ ತೊಂದರೆ. ಔಷಧಿಯ ಗೊಡವೆಯೇ ಬೇಡವೆಂದು ವರ್ಷದಿಂದ ವಿಟಮಿನ್ ಬಿ6 ತೆಗೆದುಕೊಳ್ಳುತ್ತಿದ್ದೇನೆ. ಈಚೆಗೆ ಅಂಗಾಲು ಜುಮುಗುಡುತ್ತದೆ. ಸಂಬಂಧವಿದೆಯೇ?

ವೈದ್ಯೆ: ಡಬ್ಬಿಯ ಮೇಲೆ ಎಷ್ಟು ಮಿಲಿಗ್ರಾಂ ಎಂದಿದೆ? ಬೇರೆ ಯಾವುದಾದರೂ ವಿಟಮಿನ್ ಮಾತ್ರೆ ಇದೆಯೇ?

ಇನ್ನೊಬ್ಬರು: ಒಂದರಲ್ಲಿ 100. ಕೂದಲಿಗೆಂದು ತೆಗೆದುಕೊಳ್ಳುವುದರಲ್ಲಿ ಮತ್ತೆ 50 ಇದೆ, ಈಗಲೇ ಓದಿದೆ.

ವೈದ್ಯೆ: ಒಟ್ಟು 150. ನಾನು ದಿನಕ್ಕೆ 50ರ ಮೇಲೆ ಕೊಡುವುದೇ ಇಲ್ಲ. ಹೆಚ್ಚಿನ ಬಿ6 ದೀರ್ಘಕಾಲ ಒಳಹೋದರೆ ನರಗಳಿಗೇ ಪೆಟ್ಟು, ಅದು ಮೊದಲು ಕಾಣುವುದು ಪಾದದಲ್ಲಿ. ಇವತ್ತೇ ಎರಡನ್ನೂ ನಿಲ್ಲಿಸಿ. ಸಾಮಾನ್ಯವಾಗಿ ನಿಧಾನವಾಗಿ ಇಳಿಯುತ್ತದೆ. ಆದರೂ ಈ ವಾರದಲ್ಲೇ ವೈದ್ಯರೊಬ್ಬರಿಗೆ ಪಾದ ತೋರಿಸಿ, ಸಕ್ಕರೆಯನ್ನೂ ಬಿ12ನ್ನೂ ಪರೀಕ್ಷೆ ಮಾಡಿಸಿ. ಹೋಗುವಾಗ ಎರಡೂ ಡಬ್ಬಿ ಚೀಲದಲ್ಲಿರಲಿ.