ದೇವರು ಒಂದು ಸೇವೆಗೆ ಕರೆದಿದ್ದಾನೆ ಎನಿಸುತ್ತಿರುವಾಗ ಎಷ್ಟು ಕಾಲ ಕಾಯಬೇಕು?

ಪ್ರಶ್ನೆ: ಸ್ಟಾಫ್ ನರ್ಸ್, ಹಾಸನ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನನಗೆ 36 ವರ್ಷ. ಖಾಸಗಿ ಆಸ್ಪತ್ರೆಯೊಂದರಲ್ಲಿ 13 ವರ್ಷಗಳಿಂದ ಕೆಲಸದಲ್ಲಿದ್ದೇನೆ. ಮೂರು ವರ್ಷಗಳ ಹಿಂದೆ ಕ್ಯಾನ್ಸರ್‌ನ ಕೊನೆಯ ಹಂತದಲ್ಲಿದ್ದ ಹಿರಿಯರೊಬ್ಬರನ್ನು, ಇನ್ನು ಇಲ್ಲಿ ಮಾಡುವಂಥದ್ದೇನೂ ಉಳಿದಿಲ್ಲ ಎಂದು ಹೇಳಿ ನಮ್ಮ ವಾರ್ಡಿನಿಂದ ಮನೆಗೆ ಕಳುಹಿಸಿದರು. ಅವರ ಮಗಳು ಲಿಫ್ಟಿನ ಬಳಿ ನನ್ನನ್ನು ನಿಲ್ಲಿಸಿ, "ಸಿಸ್ಟರ್, ಅಪ್ಪನನ್ನು ಮಗ್ಗುಲು ಹೊರಳಿಸುವುದು ಹೇಗೆಂದು ಹೇಳಿಕೊಡಿ, ಬೆನ್ನಿನ ಹುಣ್ಣಿಗೆ ಕೈ ತಾಗಿದರೆ ಕೂಗಿಕೊಳ್ಳುತ್ತಾರೆ" ಎಂದಳು. ಹಳೆಯ ಹತ್ತಿ ಸೀರೆಯೊಂದನ್ನು ಅಗಲವಾಗಿ ಮಡಿಸಿ ಹೆಗಲಿನಿಂದ ತೊಡೆಯವರೆಗೆ ಮೈಯ ಕೆಳಗೆ ಹಾಸುವುದನ್ನು, ಇಬ್ಬರು ಎರಡು ಬದಿಯಲ್ಲಿ ಹಿಡಿದು ಎಳೆಯದೆ ಎತ್ತಿ ಹೊರಳಿಸುವುದನ್ನು, ಬೆನ್ನಿಗೊಂದು ಮಂಡಿಗಳ ನಡುವೆ ಒಂದು ದಿಂಬು ಇಡುವುದನ್ನು ತೋರಿಸಿಕೊಟ್ಟೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಅಂದಿನಿಂದ, ಹೀಗೆ ಮನೆಗೆ ಮರಳಿದವರ ಆರೈಕೆಗಾಗಿಯೇ ದೇವರು ನನ್ನನ್ನು ಈ ವೃತ್ತಿಗೆ ತಂದನೆಂಬ ಭಾವನೆ ನನ್ನನ್ನು ಬಿಟ್ಟು ಹೋಗಿಲ್ಲ.

ಸ್ಪಷ್ಟವಾದ ಗುರುತೊಂದನ್ನು ಕೊಡೆಂದು ಮೂರು ವರ್ಷ ಪ್ರಾರ್ಥಿಸಿದ್ದೇನೆ. ದೇವರ ವೇಳೆಗಾಗಿ ಕಾಯಬೇಕು ಎಂದು ಅತ್ತೆಯವರು ಹೇಳುತ್ತಾರೆ. ಇಬ್ಬರು ಮಕ್ಕಳಿದ್ದಾರೆ, ಮನೆಸಾಲದ ಕಂತೂ ಇದೆ. ನನ್ನ ಈ ಕಾಯುವಿಕೆ ವಿಧೇಯತೆಯೋ, ಅಥವಾ ನನ್ನ ಭಯಕ್ಕೆ ನಾನೇ ಇಟ್ಟುಕೊಂಡ ಹೆಸರೋ ತಿಳಿಯುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಮುಖ್ಯೋಪಾಧ್ಯಾಯರು, ಹುಬ್ಬಳ್ಳಿ

ಸಹೋದರಿ, ಬೈಬಲಿನ ನೆಹೆಮೀಯನ ಪುಸ್ತಕದ ಮೊದಲ ಎರಡು ಅಧ್ಯಾಯಗಳನ್ನು ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೊಮ್ಮೆ ಓದಿರಿ. ಯೆರೂಸಲೇಮಿನ ಗೋಡೆ ಬಿದ್ದಿರುವ ಸುದ್ದಿ, ಪಾರಸಿಯ ಅರಸನ ಪಾನಪಾತ್ರೆ ಹಿಡಿಯುವ ಸೇವಕನಾಗಿದ್ದ ಅವನಿಗೆ ಮುಟ್ಟಿದ್ದು ಯೆಹೂದಿಗಳ ಕಿಸ್ಲೇವ್ ಮಾಸದಲ್ಲಿ. ಅವನು ಅರಸನ ಮುಂದೆ ಬಾಯಿ ತೆರೆದದ್ದು ನೀಸಾನ್ ಮಾಸದಲ್ಲಿ. ನಡುವಿನ ಸುಮಾರು ನಾಲ್ಕು ತಿಂಗಳು ಅವನೂ ಕಾದನು. ಆದರೆ ಎಷ್ಟು ದಿನದ ಪ್ರಯಾಣ, ಯಾವಾಗ ಹಿಂತಿರುಗುವೆ ಎಂದು ಅರಸನು ಕೇಳಿದಾಗ ಅವನು ಕೂಡಲೇ ಕಾಲವನ್ನು ಗೊತ್ತುಮಾಡಿ ಹೇಳಿದನು, ನದಿಯಾಚೆಯ ಅಧಿಪತಿಗಳಿಗೆ ಪತ್ರಗಳು ಬೇಕೆಂದನು, ಬಾಗಿಲುಗಳ ತೊಲೆಗಳಿಗೆ ಮರ ಕೊಡುವಂತೆ ಅರಸನ ವನಪಾಲಕನಾದ ಆಸಾಫನಿಗೂ ಒಂದು ಪತ್ರ ಬೇಕೆಂದು ಹೆಸರು ಹಿಡಿದು ಕೇಳಿದನು. ಉಪವಾಸವಿದ್ದು ಪ್ರಾರ್ಥಿಸುತ್ತಿದ್ದವನು ಮರದ ಲೆಕ್ಕವನ್ನೂ ಹಾಕಿಟ್ಟಿದ್ದನೆಂದು ನಾನು ತಿಳಿಯುತ್ತೇನೆ. ಅವನಿಗೆ ದರ್ಶನವಾದದ್ದಾಗಲಿ ಆಕಾಶವಾಣಿ ಕೇಳಿಸಿದ್ದಾಗಲಿ ಅಲ್ಲಿ ಬರೆದಿಲ್ಲ. ದೇವರು ತನ್ನ ಹೃದಯದಲ್ಲಿ ಇಟ್ಟದ್ದು ಎಂದಷ್ಟೇ ಅವನು ಹೇಳಿಕೊಳ್ಳುತ್ತಾನೆ. ಯೆರೂಸಲೇಮಿಗೆ ಬಂದ ಮೂರು ದಿನಗಳ ಮೇಲೆ, ಯಾರಿಗೂ ತಿಳಿಸದೆ, ರಾತ್ರಿ ಹೋಗಿ ಗೋಡೆ ಎಲ್ಲೆಲ್ಲಿ ಬಿದ್ದಿದೆಯೆಂದು ಕಣ್ಣಾರೆ ನೋಡಿದನು. ಗೋಡೆ ಮುಗಿದದ್ದು 52 ದಿನಗಳಲ್ಲಿ.

ಮೂರು ವರ್ಷಗಳಲ್ಲಿ ನೀವು ನೋಡಿ ಬಂದ ಗೋಡೆ ಎಷ್ಟು, ಹಾಕಿದ ಮರದ ಲೆಕ್ಕ ಎಷ್ಟು? ನೋಯಿಸಲೆಂದು ಕೇಳುತ್ತಿಲ್ಲ. ಇದಕ್ಕೆ ಉತ್ತರವಿದ್ದರೆ ನಿಮ್ಮದು ಕಾಯುವಿಕೆಯೇ. ಇಲ್ಲದಿದ್ದರೆ ಇಂದೇ ಆರಂಭಿಸಬಹುದು.

ಉತ್ತರ 2: ವೈದ್ಯರು, ಬೆಂಗಳೂರು

ಇದೇ ಕರೆಯನ್ನು ಹೊತ್ತ ಇನ್ನೊಬ್ಬ ನರ್ಸ್ ಇದ್ದರು, ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಬೆನ್ನುನೋವಿನಿಂದ ನರ್ಸಿಂಗ್ ಬಿಡಬೇಕಾಗಿ ಬಂದು, ಆಸ್ಪತ್ರೆಯಲ್ಲಿ ರೋಗಿಗಳ ಕಷ್ಟಸುಖ ವಿಚಾರಿಸುವ ಕೆಲಸಕ್ಕೆ ಸೇರಿದರು. 1948ರಲ್ಲಿ ಡೇವಿಡ್ ತಸ್ಮಾ ಎಂಬ ಪೋಲೆಂಡಿನ ಯೆಹೂದಿ ರೋಗಿ ಸಾಯುವ ಮುನ್ನ, ಸಿಸಿಲಿಯವರು ಸಾಯುವವರಿಗಾಗಿ ಮುಂದೆ ಕಟ್ಟಬೇಕೆಂದಿದ್ದ ಮನೆಗೆ ತಾನೊಂದು ಕಿಟಕಿಯಾಗಿರುವೆನೆಂದು ಹೇಳಿ 500 ಪೌಂಡ್ ಬಿಟ್ಟುಹೋದರು. ಆ ಮನೆ, ಅಂದರೆ ಲಂಡನ್ನಿನ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ತೆರೆದದ್ದು 1967ರಲ್ಲಿ. ಆ 19 ವರ್ಷ ಅವರು ಸುಮ್ಮನೆ ಕುಳಿತಿರಲಿಲ್ಲ. ಕೆಲಸ ಮುಗಿಸಿಕೊಂಡು ಸಂಜೆ ಸಾಯುವವರ ಮನೆಯೊಂದರಲ್ಲಿ ಸ್ವಯಂಸೇವೆ ಮಾಡಿದರು, 33ನೆಯ ವಯಸ್ಸಿನಲ್ಲಿ ವೈದ್ಯಕೀಯ ಓದಿಗೆ ಸೇರಿ 1957ರಲ್ಲಿ ವೈದ್ಯರಾದರು, ನೋವು ಮರುಕಳಿಸುವವರೆಗೆ ಕಾಯದೆ ಗಡಿಯಾರ ನೋಡಿ ಮಾರ್ಫಿನ್ ಎಂಬ ತೀವ್ರ ನೋವುನಿವಾರಕವನ್ನು ಕೊಟ್ಟರೆ ರೋಗಿ ಎಚ್ಚರವಾಗಿಯೂ ನೆಮ್ಮದಿಯಾಗಿಯೂ ಇರಬಲ್ಲನೆಂದು ದಾಖಲೆ ಸಮೇತ ತೋರಿಸಿದರು.

ನಿಮ್ಮ ವಿಷಯಕ್ಕೆ ಬರುತ್ತೇನೆ. ಈ ಸೇವೆಯನ್ನು ಒಬ್ಬರೇ ಮಾಡಲಾಗದು. ಮಾರ್ಫಿನ್ ಬರೆದುಕೊಡುವ ಅಧಿಕಾರ ನರ್ಸ್‌ಗೆ ಇಲ್ಲ. ಮಾದಕವಸ್ತು ಕಾನೂನಿನ 2014ರ ತಿದ್ದುಪಡಿಯ ನಂತರ ನಿಯಮಗಳು ಸಡಿಲವಾಗಿದ್ದರೂ ಅದನ್ನು ಮಾನ್ಯತೆ ಪಡೆದ ಸಂಸ್ಥೆಯ ಮೂಲಕವೇ ಪಡೆಯಬೇಕು. ಆದುದರಿಂದ ಮೊದಲು ಒಂದು ತಂಡವನ್ನು ಹುಡುಕಿರಿ. ಬೆಂಗಳೂರಿನ ಕರುಣಾಶ್ರಯವು 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ, ಮನೆಗೆ ಹೋಗಿ ಆರೈಕೆ ಮಾಡುವ ತಂಡವೂ ಅಲ್ಲಿದೆ. ರಜೆ ಹಾಕಿ ನೋಡಿಬನ್ನಿ. ಭಾರತೀಯ ಪ್ಯಾಲಿಯೇಟಿವ್ ಕೇರ್ (ನೋವು ಶಮನಗೊಳಿಸುವ ಆರೈಕೆ) ಸಂಘವು ವೈದ್ಯರಿಗೂ ನರ್ಸ್‌ಗಳಿಗೂ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತದೆ. ಅದಕ್ಕಾಗಿ ಕೆಲಸ ಬಿಡಬೇಕಾಗಿಲ್ಲ.

ಉತ್ತರ 3: ಗೃಹಿಣಿ, ಉಡುಪಿ

ಅಕ್ಕ, ಮೊದಲ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. ನೆಹೆಮೀಯನು ಅರಸನ ಪಾನಪಾತ್ರೆಯನ್ನು ಕೆಳಗಿಟ್ಟು ಎದ್ದು ಹೋಗಲಿಲ್ಲ, ಅಪ್ಪಣೆ ಕೇಳಿ ಹೋದನು. ನಾನು ಹಾಗೆ ಮಾಡಲಿಲ್ಲ. ಬಡ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವುದು ದೇವರ ಚಿತ್ತವೆಂದು ನಂಬಿ, ಗಂಡನಿಗೆ ತಿಳಿಸುವ ಮೊದಲೇ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಪಿ.ಎಫ್. ಹಣದಲ್ಲಿ ನಾಲ್ಕು ಯಂತ್ರ ತಂದೆ. ಎಂಟು ತಿಂಗಳಲ್ಲಿ ಬಾಡಿಗೆ ಕಟ್ಟಲಾಗದೆ ಮುಚ್ಚಬೇಕಾಯಿತು. ಕರೆ ಸುಳ್ಳಾಗಿತ್ತೆಂದು ನಾನು ಇಂದಿಗೂ ಹೇಳುವುದಿಲ್ಲ. ಈಗ ಮನೆಯ ಜಗಲಿಯಲ್ಲಿಯೇ ಒಂದು ಯಂತ್ರದಲ್ಲಿ ಮೂವರಿಗೆ ಕಲಿಸುತ್ತಿದ್ದೇನೆ, ಯಜಮಾನರೇ ಬಟ್ಟೆ ತಂದುಕೊಡುತ್ತಾರೆ. ದಯವಿಟ್ಟು ಮೊದಲು ಮನೆಯವರ ಎದುರು ಕುಳಿತು ಖರ್ಚಿನ ಲೆಕ್ಕ ಬರೆಯಿರಿ. ಅತ್ತೆಯವರನ್ನೂ ಕೂರಿಸಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಮರದ ಲೆಕ್ಕದ ಪ್ರಶ್ನೆ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ, ಏಕೆಂದರೆ ನನ್ನ ಬಳಿ ಉತ್ತರವಿರಲಿಲ್ಲ. ನಿನ್ನೆ ಯಜಮಾನರೊಂದಿಗೂ ಅತ್ತೆಯವರೊಂದಿಗೂ ಕುಳಿತು ಬರೆದೆವು. ಸಾಲ ತೀರಲು ಇನ್ನೂ ನಾಲ್ಕು ವರ್ಷವಿರುವುದರಿಂದ ಅಲ್ಲಿಯವರೆಗೆ ಕೆಲಸ ಬಿಡುವುದಿಲ್ಲವೆಂದೂ, ವಾರದ ರಜೆಯ ದಿನವನ್ನು ಈ ಸೇವೆಗೆ ಕೊಡುವುದೆಂದೂ ತೀರ್ಮಾನವಾಯಿತು. ಹಾಸಿಗೆ ಹಿಡಿದಿರುವ ವೃದ್ಧೆಯೊಬ್ಬರು ನಮ್ಮ ಸಭೆಯಲ್ಲಿಯೇ ಇದ್ದಾರೆಂದು ಅತ್ತೆಯವರೇ ನೆನಪಿಸಿದರು. ಈ ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ಜೊತೆಯಲ್ಲಿ ಅವರ ಮನೆಗೆ ಹೋಗುತ್ತೇನೆ. ಡಾಕ್ಟರೇ, ನಾನು ಓದಿರುವುದು ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ); ನೀವು ಹೇಳಿದ ಕೋರ್ಸಿಗೆ ಅದು ಸಾಕಾಗುತ್ತದೆಯೇ?