ಸಹಾಯ ಬೇಕು: ಪೋರ್ಟ್ರೇಟ್ ಶೂಟ್‌ಗೆ ಕನ್ನಡದಲ್ಲಿ ಅಗ್ರಿಮೆಂಟ್ ಇದೆಯಾ?

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು. ಆರು ವರ್ಷ ಸುಮ್ನೆ ಹವ್ಯಾಸಕ್ಕೆ ಫೋಟೊ ತೆಗೆಯುತ್ತಿದ್ದೆ. ಹಕ್ಕಿ, ಮಳೆ, ಜಾತ್ರೆ, ಸಿಕ್ಕಿದ್ದೆಲ್ಲ. ಒಂದು ದಿನ ಅಜ್ಜಿಯನ್ನು ಅಡುಗೆಮನೆ ಕಿಟಕಿ ಪಕ್ಕ ಕೂರಿಸಿ 50 ಎಂಎಂ ಲೆನ್ಸ್‌ನಲ್ಲಿ, ಎಫ್ 1.8ರಲ್ಲಿ (ಲೆನ್ಸ್ ಕಿಂಡಿ ಅಗಲ ತೆರೆದು) ತೆಗೆದೆ. ನೆರಳಿನ ಕಡೆ ಬೆಳಕು ಬೀಳಲಿ ಅಂತ ತಂಗಿ ಥರ್ಮೋಕೋಲ್ ಹಾಳೆ ಹಿಡಿದಿದ್ದಳು. ಒಂದು ಕಣ್ಣು ಶಾರ್ಪ್, ಕಿವಿಯ ಓಲೆ ಮಸುಕು. ಆದರೂ ಅದನ್ನು ನೋಡಿಯೇ ಮೊದಲ ಗಿರಾಕಿ ಬಂದರು. ಈಗ ಎಂಟು ತಿಂಗಳಿಂದ ಇದೇ ನನ್ನ ಕೆಲಸ.

ತೊಂದರೆ ಏನಂದರೆ, ಎಲ್ಲ ಬಾಯಿಮಾತಿನಲ್ಲೇ ನಡೆಯುತ್ತಿದೆ. ಹೋದ ತಿಂಗಳು ಒಬ್ಬರು ಶೂಟ್ ಮುಗಿದ ಮೇಲೆ ರಾ ಫೈಲೂ (ಕ್ಯಾಮೆರಾದಿಂದ ಬಂದ, ತಿದ್ದದ ಮೂಲ ಫೈಲ್) ಕೊಡಿ ಅಂದರು. ಬಾಕಿ ದುಡ್ಡು ಇನ್ನೂ ಬಂದಿಲ್ಲ. ಇನ್ನೊಬ್ಬರು ನಾನು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದ ತಮ್ಮ ಫೋಟೊ ಡಿಲೀಟ್ ಮಾಡಿಸಿದರು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿಕೊಂಡವರೇ ಫೋಟೊದ ಮೊದಲ ಹಕ್ಕುದಾರರಂತೆ. ನನಗೆ ಗೊತ್ತಾಗಿದ್ದೇ ಮೊನ್ನೆ!

ಒಂದು ಪುಟದ ಕನ್ನಡ ಅಗ್ರಿಮೆಂಟ್ ಯಾರಾದರೂ ಬಳಸುತ್ತಿದ್ದೀರಾ? ನಮೂನೆ ಹಾಕಿದರೆ ದೊಡ್ಡ ಉಪಕಾರ. ಅರ್ಧ ಅಡ್ವಾನ್ಸ್ ಕೇಳಿದರೆ ಇಲ್ಲಿ ಜನ ಮುಖ ಮುಖ ನೋಡುತ್ತಾರೆ. ನೀವೆಷ್ಟು ತಗೊಳ್ಳುತ್ತೀರಿ? ಮದುವೆ ಶೂಟ್ ಮಾಡು ಅನ್ನುವ ಸಲಹೆ ಮಾತ್ರ ಬೇಡ. ಅದನ್ನು ಅಮ್ಮ ದಿನಾ ಕೊಡುತ್ತಿದ್ದಾರೆ.